ಈ ಡಬ್ಬಿಯನ್ನು ಯಾರ ಕೈಗೆ ಒಪ್ಪಿಸಲಿ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ, ರೇಷ್ಮೆ ಹುಳು ಸಾಕುವ ಹುಳುಮನೆಯಿಂದ ಎಷ್ಟು ದೂರ ಇಡಲು ಸಾಧ್ಯವೋ ಅಷ್ಟು ದೂರದಲ್ಲಿ, ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಮುಚ್ಚಳದ ಸುತ್ತ ಟೇಪು ಹಾಕಿದ್ದೇನೆ. ಗಾಳಿಗೆಂದು ಬಿಟ್ಟಿದ್ದ ತೂತುಗಳ ಮೇಲೆ ಊಜಿ ನೊಣ ತಡೆಯುವ ಪರದೆಯ ತುಂಡನ್ನು ಎರಡು ಮಡಿಕೆ ಮಾಡಿ ಅಂಟಿಸಿದ್ದೇನೆ. ಒಳಗೆ ಕೊಳೆತ ಮರದ ಪುಡಿ, ಪುಡಿಯೊಳಗೆ ಆರು ಗೊಣ್ಣೆಹುಳು. ಒಂದೊಂದೂ ನನ್ನ ಹೆಬ್ಬೆರಳಿಗಿಂತ ದಪ್ಪ. ಇದನ್ನು ಯಾರಿಗೆ ಒಪ್ಪಿಸಬೇಕು ಎಂದು ಮೂರು ವಾರದಿಂದ ಕೇಳುತ್ತಾ ಓಡಾಡಿದೆ. ಉತ್ತರ ಸಿಗದೆ ನಿಮಗೆ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ್ತಿ. ವಯಸ್ಸು ಅರವತ್ತು. ಎರಡು ಎಕರೆ ಹಿಪ್ಪುನೇರಳೆ ತೋಟವಿದೆ, ಬೆಳೆಗೆ ಇನ್ನೂರು ಮೊಟ್ಟೆ ಸಾಕುತ್ತೇವೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಎನ್ನುತ್ತೇವೆ). ಬುದ್ಧಿ ಬಂದಾಗಿನಿಂದ ಹುಳುವಿನ ಜೊತೆಯೇ ಬದುಕಿದ್ದೇನೆ. ಹುಳುವನ್ನು ಕಂಡರೆ ಅಸಹ್ಯಪಡುವ ಹೆಂಗಸು ಬರೆದ ಪತ್ರವೆಂದು ಯಾರೂ ತಿಳಿಯಬಾರದೆಂದು ಇಷ್ಟು ಹೇಳಿದೆ.

ಡಬ್ಬಿ ನನ್ನ ತಮ್ಮನ ಮಗನದು. ಬೆಂಗಳೂರಿನಲ್ಲಿ ಮೊದಲನೇ ಪಿಯುಸಿ ಓದುತ್ತಿದ್ದಾನೆ. ಹಬ್ಬಕ್ಕೆ ಕೊಟ್ಟ ದುಡ್ಡು, ಹುಟ್ಟುಹಬ್ಬಕ್ಕೆ ಕೊಟ್ಟ ದುಡ್ಡು ಎಲ್ಲ ಸೇರಿಸಿಟ್ಟುಕೊಂಡು ಮೊಬೈಲಿನಲ್ಲಿ ಯಾರೋ ಮಾರುವವನಿಂದ ಒಂಬತ್ತು ಸಾವಿರಕ್ಕೆ ಈ ಆರನ್ನು ತರಿಸಿದ್ದಾನೆ. ಹರ್ಕ್ಯುಲಿಸ್ ದುಂಬಿಯ ಮರಿಗಳಂತೆ. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳ ಮಳೆಕಾಡಿನ ಜೀವ. ಒಂದು, ಒಂದೂವರೆ ವರ್ಷ ಕೊಳೆತ ಮರ ತಿಂದು ಬೆಳೆದು ಆಮೇಲೆ ದುಂಬಿಯಾಗುತ್ತದೆ. ಗಂಡಿಗೆ ಇಕ್ಕಳದಂಥ ಎರಡು ಉದ್ದನೆಯ ಕೊಂಬು. ಕೊಂಬೂ ಸೇರಿದರೆ ಒಂದು ಗೇಣಿಗೆ ಹತ್ತಿರ. ಹುಡುಗ ಮೊಬೈಲಿನಲ್ಲಿ ತೋರಿಸಿದ. ನಿಜಕ್ಕೂ ದೇವರು ಮನಸ್ಸಿಟ್ಟು ಮಾಡಿದ ಜೀವ. ಅವನಿಗೆ ಆಸೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಕೊರಿಯರ್ ಪೊಟ್ಟಣದ ಮೇಲೆ ‘ಆಟದ ಸಾಮಾನು’ ಎಂದು ಬರೆದಿತ್ತು. ಲೈಸೆನ್ಸು ಗೀಸೆನ್ಸು ಏನೂ ಬೇಡ ಎಂದು ಮಾರಿದವನು ಹೇಳಿದ್ದನಂತೆ. ಎರಡು ತಿಂಗಳು ಮಂಚದ ಕೆಳಗಿಟ್ಟು ಸಾಕಿದ್ದಾನೆ. ಆಮೇಲೆ ಗೆಳೆಯನೊಬ್ಬ, ‘ಇದು ಕಾನೂನಿಗೆ ವಿರುದ್ಧ ಕಣೋ, ನಿಮ್ಮಪ್ಪನನ್ನು ಒಳಗೆ ಹಾಕುತ್ತಾರೆ’ ಎಂದು ಹೆದರಿಸಿದ್ದಾನೆ. ಮಗುವಿಗೆ ನಿದ್ದೆಯಿಲ್ಲ. ಒಂದು ಶನಿವಾರ ಬಸ್ಸು ಹತ್ತಿ ನೇರ ನಮ್ಮೂರಿಗೆ ಬಂದ. ಊಟಕ್ಕೂ ಕೂರದೆ ಬ್ಯಾಗಿನಿಂದ ಡಬ್ಬಿ ತೆಗೆದು ನನ್ನ ಮುಂದಿಟ್ಟು, ‘ಅತ್ತೆ, ಇವನ್ನು ನಿಮ್ಮ ತಿಪ್ಪೆಗೆ ಸುರಿದುಬಿಡೋಣ. ಗೊಬ್ಬರದಲ್ಲಿ ಚೆನ್ನಾಗಿ ಬದುಕುತ್ತವೆ. ಯಾರಿಗೂ ಗೊತ್ತಾಗೋದಿಲ್ಲ’ ಎಂದ.

ಆ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಯಾಕೆಂದು ಹೇಳಬೇಕಾದರೆ ನಲವತ್ತೈದು ವರ್ಷ ಹಿಂದಕ್ಕೆ ಹೋಗಬೇಕು.

1980ಕ್ಕೆ ಮೊದಲು ನಮ್ಮ ಸೀಮೆಯಲ್ಲಿ ಊಜಿ ನೊಣ ಎಂಬ ಹೆಸರೇ ಇರಲಿಲ್ಲ. ಅದು ಬಂಗಾಳದ ರೇಷ್ಮೆಯವರ ಪೀಡೆಯಾಗಿತ್ತು. ಪಶ್ಚಿಮ ಬಂಗಾಳದಿಂದ ಬಿತ್ತನೆ ಗೂಡು ತಂದರು. ಗೂಡಿನೊಳಗೆ ಕೂತು ಊಜಿಯೂ ಬಂತು. ತಂದವರು ಯಾರೂ ಕೇಡು ಬಯಸಿ ತಂದದ್ದಲ್ಲ. ಆಗ ನಾನು ಹೈಸ್ಕೂಲು ಹುಡುಗಿ. ಊಜಿ ನೋಡಲು ಮನೆನೊಣದ ಹಾಗೇ, ಮೈಯಷ್ಟೇ ಸ್ವಲ್ಪ ದೊಡ್ಡದು. ಗೂಡು ಕಟ್ಟಲು ಹಣ್ಣಾಗುವ ಹೊತ್ತಿನ ಹುಳುವಿನ ಮೇಲೆ ಬಂದು ಕೂತು ಸೂಜಿಮೊನೆಯಷ್ಟು ಬಿಳಿಯ ಮೊಟ್ಟೆ ಅಂಟಿಸಿ ಹಾರಿಹೋಗುತ್ತಿತ್ತು. ಎರಡು ದಿನಕ್ಕೆ ಮರಿ ಒಡೆದು ಹುಳುವಿನ ಮೈಯೊಳಗೆ ಇಳಿಯುತ್ತದೆ. ಇಳಿದ ಜಾಗದಲ್ಲಿ ಒಂದು ಕಪ್ಪು ಮಚ್ಚೆ. ಹುಳು ಗೂಡು ಕಟ್ಟಿದರೂ ಒಳಗಿನ ಮರಿ ಗೂಡನ್ನು ಕೊರೆದು ಹೊರಗೆ ಬರುತ್ತದೆ. ತೂತಾದ ಗೂಡಿನ ನೂಲು ಬಿಚ್ಚಲು ಬರುವುದಿಲ್ಲ. ಅಪ್ಪ ಮಾರುಕಟ್ಟೆಗೆ ಹೊತ್ತುಕೊಂಡು ಹೋದ ಗೂಡನ್ನು ನೂಲು ಬಿಚ್ಚುವ ರೀಲರುಗಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗೆ ಹಾಕಿದರು. ಸಂಜೆ ಅಪ್ಪ ಅದೇ ಚೀಲ ಹೊತ್ತು ವಾಪಸು ಬಂದು ಜಗಲಿಯ ಮೇಲೆ ಕೂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮ್ಮ ನೀರು ಕೊಟ್ಟರೂ ಕುಡಿಯಲಿಲ್ಲ.

ಅವತ್ತು ಬಂದ ನೊಣ ಇವತ್ತಿಗೂ ಹೋಗಿಲ್ಲ. ಕಿಟಕಿಗೆ, ಬಾಗಿಲಿಗೆ ನೈಲಾನ್ ಪರದೆ ಕಟ್ಟುತ್ತೇವೆ. ಗೋಡೆಯ ಬಿರುಕು, ನೆಲದ ಸಂದು ಮುಚ್ಚುತ್ತೇವೆ, ಊಜಿ ಮರಿ ಅಲ್ಲಿ ಅಡಗಿ ಕೋಶವಾಗುತ್ತದೆಂದು. ಊಜಿಯ ಕೋಶವನ್ನು ಕೊಲ್ಲುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ತಂದು ಬಿಡುತ್ತೇವೆ. ಎರಡು ತಲೆಮಾರು ದುಡ್ಡು ಕೊಟ್ಟು ಕಾದಾಡುತ್ತಿರುವ ಶತ್ರು ಅದು. ನಮ್ಮ ದೇಶದ್ದೇ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದ ನೊಣದ ಕಥೆಯೇ ಹೀಗಾದರೆ, ಸಮುದ್ರದಾಚೆಯಿಂದ ಬಂದ ಜೀವವನ್ನು ನನ್ನ ಕೈಯಾರೆ ತಿಪ್ಪೆಗೆ ಸುರಿಯಲೇ?

ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹರ್ಕ್ಯುಲಿಸ್ ಅದರದೇ ಬಳಗ. ನಮ್ಮ ದುಂಬಿಯ ಮರಿ ಬೆಳೆಯುವುದೂ ತಿಪ್ಪೆಯಲ್ಲೇ. ಈ ದುಂಬಿ 1909ರಲ್ಲಿ ಸಿಲೋನಿನಿಂದ ಹೋದ ರಬ್ಬರ್ ಸಸಿಗಳ ಜೊತೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪ ಸೇರಿತು. ಅಲ್ಲಿಂದ ಮುಂದೆ ದ್ವೀಪದಿಂದ ದ್ವೀಪಕ್ಕೆ ತೆಂಗು ತಿನ್ನುತ್ತಾ ಹೋಗಿ, 2007ರಲ್ಲಿ ಗುವಾಮ್‌ನಲ್ಲಿ, 2013ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು. ನಮ್ಮ ಹಿತ್ತಲಿನ ಹುಳು ಇನ್ನೊಬ್ಬರ ಹಿತ್ತಲಿಗೆ ಹೋಗಿ ಮಾರಿಯಾಯಿತು.

ಹರ್ಕ್ಯುಲಿಸ್ ನಮ್ಮಲ್ಲಿ ತೆಂಗು ನುಂಗುತ್ತದೆ ಎಂದು ನಾನು ಹೇಳುತ್ತಿಲ್ಲ. ನನ್ನ ಭಯ ಹುಳುವಿಗಿಂತ ಹೆಚ್ಚಾಗಿ ಅದರ ಮೈಮೇಲೆ, ಹೊಟ್ಟೆಯೊಳಗೆ, ಆ ಮರದ ಪುಡಿಯಲ್ಲಿ ಕಣ್ಣಿಗೆ ಕಾಣದೆ ಬರುವುದರ ಬಗ್ಗೆ. ರೇಷ್ಮೆ ಹುಳುವನ್ನು ಸೀಮೆಸುಣ್ಣದ ಕಡ್ಡಿಯಂತೆ ಬಿರುಸು ಮಾಡಿ ಕೊಲ್ಲುವ ಸುಣ್ಣಕಟ್ಟು ರೋಗದ ಬೂಷ್ಟು ದುಂಬಿಗಳಿಗೂ ಹತ್ತುತ್ತದೆ. ಪೆಬ್ರಿನ್ ಎನ್ನುವ ಗಂಟು ರೋಗದ ಜಾತಿಯ ರೋಗಾಣು ಬೇರೆ ಕೀಟಗಳಿಂದಲೂ ರೇಷ್ಮೆ ಹುಳುವಿಗೆ ದಾಟಬಹುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಬಂದು ಕೊಡಗು, ದಕ್ಷಿಣ ಕನ್ನಡದ ತುಡುವೆ ಜೇನಿನ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದದ್ದನ್ನು ಆ ಕಡೆಯ ಹಿರಿಯರು ಮರೆತಿರಲಾರರು. ಆ ವೈರಸ್ಸನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಹಾಗೆಂದು ಹೊರಗಿನ ಹುಳುವೇ ಬೇಡ ಎಂದು ನಾನು ಹೇಳಿದರೆ ಅನ್ನ ತಿಂದ ಮನೆಗೆ ದ್ರೋಹ ಮಾಡಿದಂತೆ. ರೇಷ್ಮೆ ಹುಳು ಮೂಲತಃ ಚೀನಾದ್ದು. ಅದನ್ನು ನಾವು ಹೇಗೆ ಸಾಕುತ್ತೇವೆ ನೋಡಿ. ಮೊಟ್ಟೆ ಯಾರು ಬೇಕಾದರೂ ಮಾಡಿ ಮಾರುವಂತಿಲ್ಲ, ಲೈಸೆನ್ಸು ಬೇಕು. ಕರ್ನಾಟಕದಲ್ಲಿ ಅದಕ್ಕೆಂದೇ 1959ರ ಕಾಯ್ದೆ ಇದೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಆ ಮೊಟ್ಟೆ ರೈತನಿಗೆ ಬರಬೇಕು. ಫ್ರಾನ್ಸಿನ ರೇಷ್ಮೆಯವರು ಗಂಟು ರೋಗದಿಂದ ಹಾಳಾಗುತ್ತಿದ್ದಾಗ 1865ರಿಂದ ಲೂಯಿ ಪಾಶ್ಚರ್ ಹಲವು ವರ್ಷ ಕೆಲಸ ಮಾಡಿ ಬಳಕೆಗೆ ತಂದ ಪರೀಕ್ಷೆ ಅದು. ಅಂತರರಾಷ್ಟ್ರೀಯ ಅಂಚೆ ಒಪ್ಪಂದದಲ್ಲಿ ಜೀವವಿರುವ ಪ್ರಾಣಿಯನ್ನು ಅಂಚೆಯಲ್ಲಿ ಕಳಿಸಕೂಡದು. ಜೇನುನೊಣ, ಜಿಗಣೆ, ರೇಷ್ಮೆ ಹುಳು, ಮತ್ತೆ ಸಂಶೋಧನೆಗೆ, ಪೀಡೆ ಹತೋಟಿಗೆ ಬೇಕಾದ ಕೆಲವೇ ಕೆಲವು ಜೀವಗಳಿಗೆ ವಿನಾಯಿತಿ. ಇದನ್ನು ಓದಿದಾಗ ನನಗೆ ಹೆಮ್ಮೆಯಾಯಿತು. ನಂಬಿಕೆ ಗಳಿಸಿದ ಹುಳುವಿಗೆ ಸಿಕ್ಕ ಮರ್ಯಾದೆ ಅದು.

ಇನ್ನು ಡಬ್ಬಿ ಹಿಡಿದು ನಾನು ಅಲೆದ ಕಥೆ. ಮೊದಲು ಹೋದ ಕಚೇರಿಯಲ್ಲಿ ಫೋಟೊ ನೋಡಿ, ‘ಇದು ನಮ್ಮ ಪಟ್ಟಿಯಲ್ಲಿ ಬರೋದಿಲ್ಲಮ್ಮ’ ಎಂದರು. ಎರಡನೆಯ ಕಡೆ, ‘ಬೆಳೆಗೆ ಬಿದ್ದ ಹುಳುವಾದರೆ ಔಷಧಿ ಬರೆದುಕೊಡುತ್ತೇವೆ, ಸಾಕಿದ ಹುಳು ನಮಗೆ ಸಂಬಂಧವಿಲ್ಲ’ ಎಂದರು. ಮೂರನೆಯ ಕಡೆ ಒಬ್ಬರು ಒಳ್ಳೆಯವರು, ಕೂರಿಸಿ ಕೇಳಿದರು. ಆದರೆ ತೆಗೆದುಕೊಳ್ಳುವುದಕ್ಕೆ ಅವರಿಗೂ ಅಧಿಕಾರವಿಲ್ಲ. ‘ಬಿಸಿನೀರು ಸುರಿದು ಹೂತುಹಾಕಿ, ಯಾರಿಗೂ ಹೇಳಬೇಡಿ’ ಎಂದು ಮೆಲ್ಲಗೆ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಕಾನೂನು ಪಾಲಿಸಬೇಕೆಂದು ಬಾಗಿಲು ತಟ್ಟಿದವಳಿಗೆ ‘ಯಾರಿಗೂ ಹೇಳಬೇಡಿ’ ಎಂಬುದೇ ಉತ್ತರವಾದರೆ, ಹದಿನಾರು ವರ್ಷದ ಹುಡುಗನಿಗೆ ನಾನು ಏನು ಕಲಿಸಲಿ?

ನನ್ನ ಸೊಸೆ ಚಿಕ್ಕಬಳ್ಳಾಪುರದಲ್ಲಿ ವಕೀಲೆ. ಒಂದು ಭಾನುವಾರ ಪೂರ್ತಿ ಕೂತು ಕಾಯ್ದೆಗಳನ್ನು ಓದಿ ನನಗೆ ಬಿಡಿಸಿ ಹೇಳಿದಳು. ನಮ್ಮಂಥ ಮನೆಗಳಿಗೆ ಉಪಯೋಗವಾದೀತೆಂದು ನನಗೆ ತಿಳಿದಷ್ಟು ಬರೆಯುತ್ತೇನೆ.

ಹೊರದೇಶದ ಕೀಟಕ್ಕೆ ಸಂಬಂಧಿಸಿ ಎರಡು ದಾರಿಯಲ್ಲಿ ಕಾನೂನು ಇದೆ. ಒಂದು ಕೃಷಿಯದು. 1914ರಷ್ಟು ಹಳೆಯ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ, ಅದರ ಅಡಿಯಲ್ಲಿ ಬಂದ 2003ರ ಸಸ್ಯ ಕ್ವಾರಂಟೈನ್ ಆದೇಶ. ಇದರ ಪ್ರಕಾರ ಜೀವಂತ ಕೀಟವನ್ನು ದೇಶದೊಳಗೆ ತರಬೇಕಾದರೆ ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಪರವಾನಗಿ ಬೇಕೇ ಬೇಕು. ಅವರ ಕಚೇರಿ ಇರುವುದು ಹರಿಯಾಣದ ಫರೀದಾಬಾದಿನಲ್ಲಿ. ಪರವಾನಗಿ ಇಲ್ಲದೆ ಬಂದ ಮಾಲನ್ನು 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಜಪ್ತಿ ಮಾಡಬಹುದು.

ಇನ್ನೊಂದು ಅರಣ್ಯದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದರು; ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಆ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಿದ್ದಾರೆ. ಅಂಥ ಜೀವವನ್ನು ಮನೆಯಲ್ಲಿ ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಅದು ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಇದರ ನಿಯಮ ಬಂದದ್ದು 2024ರ ಫೆಬ್ರವರಿ 28ರಂದು. ಮೊದಲೇ ಸಾಕುತ್ತಿದ್ದವರಿಗೆ ಆರು ತಿಂಗಳ ಗಡುವು ಕೊಟ್ಟಿದ್ದರು. ಆಫ್ರಿಕದ ಎಂಪರರ್ ಚೇಳು ಆ ಪಟ್ಟಿಯಲ್ಲಿದೆ. ನಮ್ಮ ಘಟ್ಟದ ಮರಗಳಲ್ಲಿರುವ ಪೊಯಿಸಿಲೋಥೀರಿಯಾ ಎಂಬ ದೊಡ್ಡ ಜೇಡಗಳನ್ನು 2019ರಲ್ಲಿ ಸೇರಿಸಿದರು. ಚೇಳು, ಜೇಡ ಕೀಟಗಳಲ್ಲ ಎಂದು ಮೇಷ್ಟ್ರುಗಳು ತಿದ್ದುವುದಕ್ಕೆ ಮೊದಲೇ ಹೇಳುತ್ತೇನೆ, ಮಾರುವವರು ಇವನ್ನೆಲ್ಲ ಒಂದೇ ಅಂಗಡಿಯಲ್ಲಿ ಮಾರುತ್ತಾರೆ.

ಹರ್ಕ್ಯುಲಿಸ್ ದುಂಬಿ ಆ ಪಟ್ಟಿಯಲ್ಲಿಲ್ಲ. ಅದಕ್ಕೇ ಮೊದಲ ಕಚೇರಿಯವರು ‘ನಮ್ಮದಲ್ಲ’ ಎಂದದ್ದು. ಅವರ ಮಾತಿನಲ್ಲಿ ಸುಳ್ಳಿಲ್ಲ. ಕ್ವಾರಂಟೈನ್ ಆದೇಶ ನೋಡಿದರೆ, ಅದರ ಕಣ್ಣಿರುವುದು ವಿಮಾನ ನಿಲ್ದಾಣ, ಬಂದರು, ಅಂಚೆಯ ಮೇಲೆ. ಅಲ್ಲಿ ಹಿಡಿದರೆ ನಾಶ ಮಾಡುತ್ತಾರೆ ಅಥವಾ ಬಂದ ದಾರಿಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಅಲ್ಲಿಂದ ನುಸುಳಿ ಒಳಗೆ ಬಂದು, ಯಾರದೋ ಮನೆಯಲ್ಲಿ ಮರಿಯಾಗಿ, ಬೆಂಗಳೂರಿನ ಹುಡುಗನ ಮಂಚದ ಕೆಳಗೆ ಸೇರಿದ ಮೇಲೆ? ಪಟ್ಟಿಯಲ್ಲಿರುವ ಪ್ರಾಣಿಗೆ ನೋಂದಣಿಯ ದಾರಿಯಾದರೂ ಇದೆ. ಪಟ್ಟಿಯಲ್ಲಿಲ್ಲದ ಈ ಆರು ಹುಳುವಿಗೆ ಕಚೇರಿಯಿಂದ ಕಚೇರಿಗೆ ಅಲೆದರೂ ನನಗೆ ದಾರಿ ಸಿಕ್ಕಿಲ್ಲ. ಅದಕ್ಕೇ ಆ ಹುಡುಗನಿಗೆ ತಿಪ್ಪೆ ಕಂಡದ್ದು.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಎನ್ನುವುದನ್ನೂ ನಾವು ನೋಡಿದ್ದೇವೆ. ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡಿತು. ಪಪ್ಪಾಯಿಗೆ ನಿಲ್ಲದೆ ಹಿಪ್ಪುನೇರಳೆಗೂ ಹತ್ತಿತು. ಸುಳಿಯೆಲ್ಲ ಬೆಳ್ಳಗೆ ಹಿಟ್ಟು ಚೆಲ್ಲಿದ ಹಾಗೆ. ಔಷಧಿ ಹೊಡೆದರೆ ಆ ಸೊಪ್ಪು ತಿಂದ ಹುಳು ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಇಲ್ಲ. ಆಗ 2010ರಲ್ಲಿ, ಕೃಷಿ ಕೀಟಗಳಿಗಾಗಿಯೇ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿದರು. ಎಳ್ಳುಕಾಳಿಗಿಂತ ಚಿಕ್ಕದು. ಅದೂ ಹೊರದೇಶದ ಕೀಟವೇ. ಆದರೆ ಪರವಾನಗಿಯ ಮೇಲೆ ಬಂತು, ಮೊದಲು ಕ್ವಾರಂಟೈನಿನಲ್ಲಿ ಕೂತಿತು, ಪರೀಕ್ಷೆ ಮುಗಿದ ಮೇಲೆ ತೋಟಕ್ಕೆ ಬಂತು. ಹಿಟ್ಟು ತಿಗಣೆಯನ್ನು ಹತೋಟಿಗೆ ತಂದು ನಮ್ಮ ಸೊಪ್ಪು ಉಳಿಸಿಕೊಟ್ಟಿತು. ವಿಜ್ಞಾನಿಗಳೇ ಎಳ್ಳುಕಾಳಿಗಿಂತ ಚಿಕ್ಕ ಕಣಜಕ್ಕೆ ಇಷ್ಟು ಶಿಸ್ತು ಪಾಲಿಸುವಾಗ, ಹೆಬ್ಬೆರಳು ಗಾತ್ರದ ಹುಳು ‘ಆಟದ ಸಾಮಾನು’ ಎಂಬ ಚೀಟಿ ಅಂಟಿಸಿಕೊಂಡು ಬೈಕಿನಲ್ಲಿ ಮನೆಬಾಗಿಲಿಗೆ ಬರುವುದು ಯಾವ ನ್ಯಾಯ?

ಈ ವ್ಯಾಪಾರ ನಮ್ಮ ದೇಶದ್ದು ಮಾತ್ರವಲ್ಲ. 2025ರ ಏಪ್ರಿಲ್‌ನಲ್ಲಿ ಕೀನ್ಯಾ ದೇಶದಲ್ಲಿ ಬೆಲ್ಜಿಯಂನ ಇಬ್ಬರು ಹುಡುಗರು ಸಿಕ್ಕಿಬಿದ್ದರು. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರ ಬಳಿ ಇದ್ದದ್ದು ಹತ್ತಿ ತುರುಕಿದ 2,244 ಸಣ್ಣ ಕೊಳವೆ, ಅವುಗಳಲ್ಲಿ ಸುಮಾರು 5,000 ಇರುವೆ. ಯುರೋಪು, ಏಷ್ಯಾದಲ್ಲಿ ಇರುವೆ ಸಾಕುವ ಹವ್ಯಾಸದವರಿಗೆ ಮಾರುವ ರಾಣಿ ಇರುವೆಗಳು. ಮೇ ತಿಂಗಳಲ್ಲಿ ನೈರೋಬಿಯ ನ್ಯಾಯಾಲಯ ಹತ್ತು ಲಕ್ಷ ಶಿಲಿಂಗ್ ದಂಡ, ಕಟ್ಟದಿದ್ದರೆ ಹನ್ನೆರಡು ತಿಂಗಳು ಜೈಲು ಎಂದು ತೀರ್ಪು ಕೊಟ್ಟಿತು. ನಮ್ಮಲ್ಲೂ 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ಕಾಡಿನ ಕಡೆ ಅನುಮತಿಯಿಲ್ಲದೆ ಕೀಟ ಹಿಡಿದ ಇಬ್ಬರು ಚೆಕ್ ದೇಶದವರನ್ನು ಬಂಧಿಸಿ ಶಿಕ್ಷೆ ವಿಧಿಸಿದ್ದರು. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಸೈಟಿಸ್ ಪಟ್ಟಿಯಲ್ಲಿದೆ. ಅರಿಶಿನ ಬಣ್ಣದ ಆ ಚಿಟ್ಟೆಯನ್ನು ಸೂಜಿ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಡುವ ಜನ ಪ್ರಪಂಚದಲ್ಲಿ ಇದ್ದಾರೆ. ಇನ್ನೊಬ್ಬರ ಕಾಡಿನ ದುಂಬಿಯನ್ನು ಕದ್ದು ತರಿಸುವವರು ನಮ್ಮ ಕಾಡಿನ ಚಿಟ್ಟೆ ಕದ್ದರೆಂದು ಅಳುವುದಕ್ಕೆ ಮುಖವಿರುವುದಿಲ್ಲ.

ಇಷ್ಟು ಓದಿದವರು, ‘ಹುಡುಗನಿಗೆ ನಾಲ್ಕು ಬಿಡಬೇಕಿತ್ತು’ ಎಂದಾರು. ಅವನ ಅಪ್ಪ ಆ ಕೆಲಸ ಮಾಡಿ ಮುಗಿಸಿದ್ದಾನೆ. ನನಗೆ ಮನಸ್ಸು ಬರಲಿಲ್ಲ. ಎರಡು ತಿಂಗಳು ಪ್ರತಿ ರಾತ್ರಿ ಆ ಪುಡಿಯ ತೇವ ನೋಡಿ, ತೂಕ ಬರೆದಿಟ್ಟಿದ್ದಾನೆ ಒಂದು ನೋಟ್‌ಬುಕ್ಕಿನಲ್ಲಿ. ಅಂಕಿಗಳು ಎಷ್ಟು ಅಚ್ಚುಕಟ್ಟು! ಇಂಥ ಕಣ್ಣಿರುವ ಹುಡುಗನನ್ನು ಹುಳುವಿನಿಂದ ದೂರ ಮಾಡಿದರೆ ನಮಗೇ ನಷ್ಟ. ಅವನು ಬಂದ ಮರುದಿನ, ಭಾನುವಾರ ಬೆಳಿಗ್ಗೆ, ಕೈಕಾಲು ತೊಳೆಸಿ, ಬಟ್ಟೆ ಬದಲಾಯಿಸಿ, ಅವನನ್ನು ಹುಳುಮನೆಯೊಳಗೆ ಕರೆದುಕೊಂಡು ಹೋದೆ. ಹುಳು ಮೂರನೇ ಜ್ವರದಲ್ಲಿತ್ತು, ಅಂದರೆ ಮೂರನೇ ಸಲ ಪೊರೆ ಬಿಡುವ ಹೊತ್ತು. ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗಾಡದೆ ಕೂತಿದ್ದವು. ‘ಅತ್ತೆ, ಇವು ಪೊರೆ ಬಿಡೋದಕ್ಕೆ ಎಷ್ಟು ಗಂಟೆ ಬೇಕು?’ ಎಂದು ಕೇಳಿದ. ಊರಿಗೆ ಹೊರಟಾಗ ಇಪ್ಪತ್ತು ಹುಳುವನ್ನು, ಎರಡು ದಿನದ ಸೊಪ್ಪನ್ನು ಕಟ್ಟಿಕೊಟ್ಟೆ. ಈಗ ಅವನ ಕೋಣೆಯಲ್ಲಿ ಹದಿನೆಂಟು ಗೂಡು ಇವೆಯಂತೆ. ಎರಡು ಸಪ್ಪೆ ರೋಗಕ್ಕೆ ಹೋದವು ಎಂದು ಫೋನಿನಲ್ಲಿ ಬೇಸರದಿಂದ ಹೇಳಿದ.

ಈಗ ನಾನು ಸರ್ಕಾರವನ್ನು ಕೇಳುವುದು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಒಳ್ಳೆಯ ಕೆಲಸ ಮಾಡಿತ್ತು. ಸೈಟಿಸ್ ಪಟ್ಟಿಯ ಹೊರದೇಶದ ಪ್ರಾಣಿಗಳನ್ನು ಸಾಕುತ್ತಿರುವವರು ಆರು ತಿಂಗಳೊಳಗೆ ತಾವಾಗಿಯೇ ಬಂದು ಘೋಷಿಸಿಕೊಂಡರೆ ಕಾಗದಪತ್ರ ಕೇಳುವುದಿಲ್ಲ ಎಂದಿತ್ತು. ಅಂಥದ್ದೇ ಒಂದು ಅವಕಾಶವನ್ನು ಪಟ್ಟಿಯಲ್ಲಿಲ್ಲದ ಕೀಟಗಳಿಗೂ ಕೊಡಿ. ಆದರೆ ಇಟ್ಟುಕೊಳ್ಳುವುದಕ್ಕಲ್ಲ, ಒಪ್ಪಿಸುವುದಕ್ಕೆ. ತಂದು ಒಪ್ಪಿಸಿದವರ ಮೇಲೆ, ಅದರಲ್ಲೂ ಮಕ್ಕಳ ಮೇಲೆ, ಕೇಸು ಹಾಕುವುದಿಲ್ಲ ಎಂದು ಬರೆದುಕೊಡಿ. ಮಾರಿದವನನ್ನು ಹುಡುಕಿ, ಅವನ ಮೇಲೆ ಕನಿಕರ ಬೇಡ. ಜಿಲ್ಲೆಗೊಂದು ಕಚೇರಿಯ ಹೆಸರು ಹೇಳಿ, ಫೋನ್ ನಂಬರು ಕೊಡಿ. ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ರೇಷ್ಮೆ ಇಲಾಖೆಯವರಿಗೆ ಹುಳುವಿನ ರೋಗ ಗೊತ್ತು, ಸೂಕ್ಷ್ಮದರ್ಶಕ ಹಿಡಿದು ನೋಡಿ ಅಭ್ಯಾಸವಿದೆ. ಅವರಿಗೆ ಅಧಿಕಾರ ಕೊಟ್ಟರೆ ಸಾಕು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ 62ಎ ಎಂಬ ಕಲಂ ಇದೆ. ಹೊರಗಿನಿಂದ ಬಂದು ಇಲ್ಲಿನ ವನ್ಯಜೀವಿಗೆ ಕಂಟಕವಾಗಬಲ್ಲ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ತಡೆಯುವ ಅಧಿಕಾರ ಕೇಂದ್ರಕ್ಕೆ ಅದರಲ್ಲಿ ಸಿಕ್ಕಿದೆ. ಅದನ್ನು ಕೀಟಗಳ ವಿಷಯದಲ್ಲೂ ಬಳಸಲಿ.

ಮತ್ತೆ, ಇದೆಲ್ಲ ಕನ್ನಡದಲ್ಲಿ ಬರಲಿ. ಒಂದೇ ಹಾಳೆ ಸಾಕು. ಯಾವುದನ್ನು ತರಿಸಬಾರದು, ಯಾವುದಕ್ಕೆ ಎಲ್ಲಿ ಪರವಾನಗಿ ಕೇಳಬೇಕು, ಗೊತ್ತಿಲ್ಲದೆ ತರಿಸಿದ್ದರೆ ಎಲ್ಲಿಗೆ ತರಬೇಕು. ಶಾಲೆ ಕಾಲೇಜಿನ ಗೋಡೆಗೆ, ಅಂಚೆ ಕಚೇರಿಗೆ, ಕೊರಿಯರ್ ಅಂಗಡಿಗೆ ಅಂಟಿಸಲಿ. ನನ್ನ ಸೊಸೆ ವಕೀಲೆಯಾದ್ದರಿಂದ ನನಗೆ ಇಷ್ಟು ತಿಳಿಯಿತು. ಎಲ್ಲರ ಮನೆಯಲ್ಲೂ ವಕೀಲೆ ಸೊಸೆ ಇರುವುದಿಲ್ಲ.

ಮುಂದಿನ ಸೋಮವಾರ ನಮ್ಮ ಮನೆಗೆ ಹೊಸ ಬೆಳೆಯ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಬರುತ್ತದೆ. ಹುಳುಮನೆಗೆ ಸುಣ್ಣ ಬಳಿದು, ಬ್ಲೀಚಿಂಗ್ ಪುಡಿಯ ನೀರು ಹೊಡೆದು ಮುಗಿಸಿದ್ದೇನೆ. ಡಬ್ಬಿ ಮುಟ್ಟಿದ ಕೈಯನ್ನು ಎರಡೆರಡು ಸಲ ಸೋಪಿನಲ್ಲಿ ತೊಳೆಯುತ್ತೇನೆ. ಆದರೂ ಒಂದೇ ಸೂರಿನ ಕೆಳಗೆ ಎರಡನ್ನೂ ಇಟ್ಟುಕೊಂಡು ನನಗೆ ನೆಮ್ಮದಿಯಿಲ್ಲ. ಈ ಪತ್ರ ಓದುವ ಅಧಿಕಾರಿಗಳಲ್ಲಿ ಇದು ಯಾರ ಕೆಲಸವೋ ಅವರು ಪತ್ರಿಕೆಯ ಮೂಲಕ ಒಂದು ವಿಳಾಸ ತಿಳಿಸಿದರೆ, ಭಾನುವಾರದೊಳಗೆ ನಾನೇ ಬಸ್ಸಿನಲ್ಲಿ ತಂದು ಕೊಡುತ್ತೇನೆ. ಹುಡುಗನೂ ಜೊತೆಗೆ ಬರುತ್ತಾನೆ. ತೂಕ ಬರೆದಿಟ್ಟ ನೋಟ್‌ಬುಕ್ಕನ್ನೂ ತರುತ್ತಾನಂತೆ, ನಿಮಗೆ ಬೇಕಾಗಬಹುದು ಎಂದು.

ಇಂತಿ,
ಒಬ್ಬ ರೇಷ್ಮೆ ಬೆಳೆಗಾರ್ತಿ
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ